ಊರಗಣ್ಣಿನ ಪಥ್ಯ

ನಮ್ಮೂರಿನಲ್ಲಿ ಯಾರಿಗೂ ಏನೂ ಸರಿಯಾಗಿ ಕಾಣುವುದಿಲ್ಲ, ಅದಕ್ಕೇ ನಮ್ಮೂರು ಬಹಳ ಚೆಂದ. ಗೋಡೆಗಳೆಲ್ಲ ಬೆಳ್ಳಗಿವೆ, ಬೀದಿಗಳೆಲ್ಲ ಆಗತಾನೇ ಗುಡಿಸಿದಂತಿವೆ, ಮದುವೆಯಾಗಿ ಮೊಮ್ಮಕ್ಕಳನ್ನು ಕಂಡ ಹೆಂಗಸರೆಲ್ಲ ಗಂಡಂದಿರ ಪಾಲಿಗೆ ಇನ್ನೂ ಮದುವಣಗಿತ್ತಿಯರೇ. ಇಲ್ಲಿ ಹೊಟ್ಟೆಗೆ ಏನು ಬಿತ್ತೋ ಅದೇ ಕಣ್ಣು. ಮಧ್ಯಾಹ್ನ ಸೊಪ್ಪು ಸದೆ ತಿಂದವನು ಸಂಜೆ ಹೊತ್ತಿಗೆ ಎದುರು ಮನೆಯ ಹೆಂಚು ಎಣಿಸಬಲ್ಲ. ಜಿಲೇಬಿ ತಿಂದವನಿಗೆ ಎದುರು ಮನೆ ಇದೆ ಎನ್ನುವುದೇ ಒಂದು ನಂಬಿಕೆ. ಇದು ತೊಟ್ಟಿಲ ಕೂಸಿಗೂ ಗೊತ್ತಿರುವ ವಿಷಯ. ಗೊತ್ತಿದ್ದೂ ಊರಿಗೆ ಊರೇ ಜಿಲೇಬಿಯ ಪಕ್ಷ.

ಹಾಗಂತ ನಾವೇನೂ ತಡವರಿಸಿಕೊಂಡು ಬದುಕುವವರಲ್ಲ. ಎದುರು ಬದುರಾದಾಗ ಮೊದಲು ಕೆಮ್ಮುತ್ತೇವೆ, ಆಮೇಲೆ ಹೆಸರು ಹೇಳುತ್ತೇವೆ, ಆಮೇಲೆ ನಗುತ್ತೇವೆ. ಅಂಗಡಿ ಬೋರ್ಡಿನ ಅಕ್ಷರಗಳು ಆಳುದ್ದ ಇರುತ್ತವೆ. ಕ್ಷೌರ ಮಾಡಿಸಿಕೊಂಡು ಬಂದ ಗಂಡಸಿನ ಕಿವಿಯ ಮೇಲೊಂದು ಹಸಿ ಗಾಯ ಇದ್ದೇ ಇರುತ್ತದೆ, ಅದನ್ನು ಕೇಳುವುದು ಸಭ್ಯತೆಯಲ್ಲ. ನಮ್ಮ ಫೋಟೋದವನೂ ನಮ್ಮವನೇ ಆದ್ದರಿಂದ ಎಲ್ಲರ ಮನೆಯ ನಡುಮನೆಯಲ್ಲೂ ತಲೆಯಿಲ್ಲದ ಅಜ್ಜ ಅಜ್ಜಿಯರು ಕುರ್ಚಿಯ ಮೇಲೆ ಕೂತಿದ್ದಾರೆ. ದಿನಾ ಹೂ ಏರಿಸಿ ಕೈಮುಗಿಯುತ್ತೇವೆ. ಶಾಲೆಯ ಮೇಷ್ಟ್ರುಗಳು ಪರೀಕ್ಷೆಯ ಪೇಪರು ತಿದ್ದುವ ಮೊದಲು ಎರಡು ಲಾಡು ತಿನ್ನುವ ಪದ್ಧತಿ ಇದೆ, ಅದರ ದೆಸೆಯಿಂದ ನಮ್ಮೂರಿನಲ್ಲಿ ಫೇಲಾದವರೇ ಇಲ್ಲ.

ಆದರೂ ಊರು ಅಂದ ಮೇಲೆ ಯಾರಾದರೊಬ್ಬರು ನೋಡಲೇಬೇಕಾಗುತ್ತದೆ. ಕೊಂಡು ತಂದ ಎತ್ತಿನ ಹಲ್ಲು ನೋಡಬೇಕು, ಅಕ್ಕಿಯಲ್ಲಿ ಕಲ್ಲು ಆರಿಸಬೇಕು, ಹೊಸ ಸೊಸೆ ಎರಡು ಕಣ್ಣಿನವಳೋ ಅಲ್ಲವೋ ತಿಳಿಯಬೇಕು. ಅದಕ್ಕೆ ಹಿರಿಯರು ಒಂದು ಹುದ್ದೆ ಮಾಡಿಟ್ಟಿದ್ದಾರೆ. ಹೆಸರು ಊರಗಣ್ಣು. ಊರಿನ ಪರವಾಗಿ ಒಬ್ಬ ಪಥ್ಯದಲ್ಲಿರಬೇಕು, ಊರಿನ ಪರವಾಗಿ ಅವನೇ ನೋಡಬೇಕು. ಕಂಡದ್ದನ್ನೇ ಹೇಳಬೇಕು, ಒಂದೇ ಸಲ ಹೇಳಬೇಕು, ಹೇಳಿದ ಮೇಲೆ ಬದಲಾಯಿಸುವಂತಿಲ್ಲ. ಮಿಕ್ಕವರು ನಿಶ್ಚಿಂತೆಯಿಂದ ಕರಿದದ್ದು ಸಿಹಿಯಾದದ್ದು ತಿಂದುಕೊಂಡಿರಬಹುದು. ಇಪ್ಪತ್ತು ವರ್ಷಕ್ಕೂ ಮೇಲೆ ಆ ಹುದ್ದೆಯಲ್ಲಿದ್ದವರು ನನ್ನ ಯಜಮಾನರು, ಚಿಕ್ಕವೀರಯ್ಯನವರು. ನಾನು ಅವರ ಹೆಂಡತಿ ಮಲ್ಲಾಜಮ್ಮ, ಆ ಪಥ್ಯ ಬೇಯಿಸಿ ಬಡಿಸಿದವಳು.

ಕೋಳಿ ಕೂಗುವಾಗ ಎದ್ದು ತಣ್ಣೀರಿನಲ್ಲಿ ಕಣ್ಣು ತೊಳೆಯಬೇಕು. ಕೆರೆ ಏರಿಯ ಮೇಲೆ ನಡೆಯಬೇಕು, ನಡೆಯುವಾಗ ಹಸಿರು ನೋಡಬೇಕು. ಬೆಳಿಗ್ಗೆ ಪರಂಗಿ ಹಣ್ಣು, ಮಧ್ಯಾಹ್ನ ಮುದ್ದೆಗೆ ಹೊನಗೊನ್ನೆ ಸೊಪ್ಪು, ರಾತ್ರಿ ನುಗ್ಗೆ ಸೊಪ್ಪು, ನಡುವೆ ಬಾಯಿ ಚಪಲಕ್ಕೆ ಅಂತ ಹಸಿ ಕ್ಯಾರೆಟ್ಟು. ಒಗ್ಗರಣೆಯ ಎಣ್ಣೆಯೂ ಇಲ್ಲ. ಬೀಡಿ ಇಲ್ಲ, ನಶ್ಯ ಇಲ್ಲ, ದೀಪ ಹಚ್ಚಿದ ಮೇಲೆ ಹರಟೆ ಇಲ್ಲ. ಸೊಪ್ಪನ್ನು ಮನೆಮನೆಯವರು ಸರದಿಯ ಮೇಲೆ ತಂದುಕೊಡುತ್ತಿದ್ದರು. ಕಟ್ಟು ಕೊಡುವಾಗ ಅದನ್ನು ತಮ್ಮಿಂದ ಆದಷ್ಟು ದೂರ ಹಿಡಿಯುತ್ತಿದ್ದರು, ಎಲ್ಲಿ ಒಂದೆಲೆ ಹಾರಿ ಬಾಯಿಗೆ ಬಿದ್ದುಬಿಡುತ್ತದೋ ಅಂತ.

ಜನರ ಜಾಣತನ ಅಷ್ಟಕ್ಕೇ ನಿಲ್ಲಲಿಲ್ಲ. ವಾರಕ್ಕೊಮ್ಮೆ ಹೊರಗಿನಿಂದ ಬರುವ ಡಾಕ್ಟರಮ್ಮ ಯಾರಿಗೆ ಏನು ಬುದ್ಧಿ ಹೇಳಿದರೂ ಅದು ನೇರ ನಮ್ಮ ಜಗುಲಿಗೆ ಬರುತ್ತಿತ್ತು. "ವೀರಯ್ಯನೋರೇ, ನಂಗೆ ದಿನಾ ನಡೀಬೇಕು ಅಂದವ್ರೆ. ನಾಳೆಯಿಂದ ನನ್ನೆಸರಲ್ಲಿ ಏರಿ ಮ್ಯಾಲೆ ಒಂದು ಸುತ್ತು ಜಾಸ್ತಿ ಹಾಕ್ಬುಡಿ" ಅನ್ನುವರು ಒಬ್ಬರು. "ನನ್ ಮಗುಂಗೆ ಕ್ಯಾರೆಟ್ ಕೊಡಬೇಕಂತೆ, ಅದು ಮುಟ್ಟಾಕಿಲ್ಲ ಅಂತೈತೆ. ನೀವೇ ತಿಂದ್ಬುಡಿ ಸ್ವಾಮಿ" ಅನ್ನುವಳು ಇನ್ನೊಬ್ಬಳು. ನನ್ನ ಗಂಡ ಇಲ್ಲ ಅನ್ನದೆ ಎಲ್ಲರ ಪಾಲಿನ ಸುತ್ತು ಹಾಕಿ, ಎಲ್ಲರ ಪಾಲಿನ ಕ್ಯಾರೆಟ್ಟು ಜಗಿದು, ಬತ್ತಿಯ ಹಾಗೆ ಸಣಕಲಾದರು. ಊರು ಅವರ ಆರೋಗ್ಯ ನೋಡಿ ಹೆಮ್ಮೆಪಟ್ಟುಕೊಂಡು ಇನ್ನೊಂದು ಲಾಡು ತಿಂದಿತು.

ನಾನೂ ಕಮ್ಮಿಯವಳಲ್ಲ. ಅವರಿಗೆ ಸೊಪ್ಪು ಬಡಿಸಿ ಬಂದು, ಸಂತೆ ಮೈದಾನದ ಹೊಂಬಾಳಕ್ಕನ ಅಂಗಡಿಯಿಂದ ಕಟ್ಟಿಸಿಕೊಂಡ ಜಿಲೇಬಿಯನ್ನು ಅಡುಗೆಮನೆಯ ಬಾಗಿಲ ಹಿಂದೆ ಕೂತು ತಿನ್ನುತ್ತಿದ್ದೆ. ಒಂದು ಮನೆಗೆ ಒಂದು ಜೊತೆ ಕಣ್ಣು ಸಾಕಲ್ಲ. ತಿಂದಾದ ಮೇಲೆ ಸೆರಗು ಸರಿಮಾಡಿಕೊಂಡು ಅವರ ಮುಂದೆ ನಿಂತು ಕೇಳುತ್ತಿದ್ದೆ, "ರೀ, ನಾನು ಹೆಂಗಿವ್ನಿ?" ಅವರು ಒಂದು ಗಳಿಗೆ ನನ್ನ ಕಡೆ ನೋಡಿ, "ಮದುವೆ ದಿನ ಹೆಂಗಿದ್ದೋ ಹಂಗೇ ಇದ್ದೀಯ" ಅನ್ನುತ್ತಿದ್ದರು. ಊರಗಣ್ಣು ಸುಳ್ಳು ಹೇಳುವಂತಿಲ್ಲ. ಹಾಗಾಗಿ ನನ್ನ ಬಗ್ಗೆ ನನಗೆ ಬಹಳ ಒಳ್ಳೆಯ ಅಭಿಪ್ರಾಯವಿತ್ತು.

ಹೀಗಿರುವಾಗ ನನಗೆ ಸಕ್ಕರೆ ಕಾಯಿಲೆ ಬಂತು. ಡಾಕ್ಟರಮ್ಮ ನನ್ನ ಕೈ ಹಿಡಿದುಕೊಂಡು, "ಮಲ್ಲಾಜಮ್ಮ, ಹೀಗೇ ತಿಂತಾ ಇದ್ರೆ ನಿಮ್ಮ ಕಣ್ಣು ಪೂರ್ತಿ ಹೋಗುತ್ತೆ, ಮಬ್ಬಲ್ಲ, ಪೂರ್ತಿ. ಕಷ್ಟ ಏನಿದೆ, ನಿಮ್ಮನೇಲೇ ಮಾಡ್ತೀರಲ್ಲ ಅಡುಗೆ, ಯಜಮಾನ್ರು ತಿನ್ನೋದನ್ನೇ ನೀವೂ ತಿನ್ನಿ" ಅಂದರು. ಎಷ್ಟು ಸಲೀಸಾಗಿ ಹೇಳಿಬಿಟ್ಟರು. ಊರಗಣ್ಣಿನ ಹೆಂಡತಿ ಸೊಪ್ಪು ತಿಂದಳು ಅಂದರೆ ಗಂಡನ ಮೇಲೆ ಅನುಮಾನ ಅಂತಲೇ ಲೆಕ್ಕ. ನನ್ನ ಹೆಸರಲ್ಲಿ ನೀವೇ ಒಂದು ತುತ್ತು ಜಾಸ್ತಿ ತಿನ್ನಿ ಅಂತ ಗಂಡನಿಗೆ ಹೇಳುವ ಅಂದುಕೊಂಡೆ. ಆದರೆ ಪೂರ್ತಿ ಎನ್ನುವ ಮಾತು ಎದೆಯಲ್ಲಿ ಕೂತುಬಿಟ್ಟಿತ್ತು. ಅವತ್ತು ಮಧ್ಯಾಹ್ನ ಬಾಗಿಲ ಹಿಂದೆ ಕೂತು, ಕಳ್ಳತನದಲ್ಲಿ, ಜಿಲೇಬಿಯ ಬದಲು ಹೊನಗೊನ್ನೆ ಸೊಪ್ಪು ತಿಂದೆ. ಉಪ್ಪಿಲ್ಲ, ಖಾರವಿಲ್ಲ, ಈ ಮನುಷ್ಯ ಇಷ್ಟು ವರ್ಷ ಇದನ್ನು ತಿಂದು ನನ್ನನ್ನು ಬೈಯದೆ ಹೇಗಿದ್ದರು ಅನಿಸಿ ಅಳು ಬಂತು.

ಸಂಜೆ ಎದ್ದು ಮುಖ ತೊಳೆದರೆ ಮನೆಯೇ ಬೇರೆ. ಬೆಳ್ಳಗಿದ್ದ ಗೋಡೆ ಹೊಗೆ ಹಿಡಿದು ಕಪ್ಪಾಗಿತ್ತು. ತೊಲೆಯ ತುಂಬಾ ಜೇಡರ ಬಲೆ. ನಾನು ದಿನಾ ಪೂಜೆ ಮಾಡುತ್ತಿದ್ದ ಮೂರ್ತಿಯ ಮುಖದಲ್ಲಿ ಎಷ್ಟೋ ವರ್ಷದ ಕುಂಕುಮ ಗಟ್ಟಿಯಾಗಿ ಮೂಗೇ ಮುಚ್ಚಿಹೋಗಿತ್ತು. ಹಿತ್ತಾಳೆ ತಟ್ಟೆ ಉಜ್ಜಿ ಹಿಡಿದುಕೊಂಡೆ. ಅದರಲ್ಲಿ ಯಾರೋ ಮುದುಕಿ ಇದ್ದಳು. ಕೆನ್ನೆಯ ಮೇಲೆ ಅಂಗೈಯಗಲ ಸುಟ್ಟ ಕಲೆ. ಯಾವ ಕಾಲದಲ್ಲೋ ಹಪ್ಪಳ ಕರಿಯುವಾಗ ಎಣ್ಣೆ ಸಿಡಿದದ್ದು ನೆನಪಿತ್ತು, ವಾಸಿಯಾಯಿತು ಅಂದುಕೊಂಡಿದ್ದೆ. ಮದುವೆ ದಿನದ ಹುಡುಗಿ ಅದರಲ್ಲಿ ಎಲ್ಲೂ ಇರಲಿಲ್ಲ. ಸಿಟ್ಟು ನೆತ್ತಿಗೇರಿತು. ಊರಿಗೆಲ್ಲ ಸತ್ಯ ಹೇಳುವ ಗಂಡಸು ನನಗೆ ಮಾತ್ರ ಹಸಿ ಸುಳ್ಳು ಹೇಳಿದ್ದರು. ತಟ್ಟೆ ಹಿಡಿದುಕೊಂಡೇ ಜಗುಲಿಗೆ ನುಗ್ಗಿದೆ.

ಅವರು ಕಂಬಕ್ಕೆ ಒರಗಿ ಕೂತಿದ್ದರು. ಬೈಯಲು ಹತ್ತಿರ ಹೋದೆ. ಅವರ ಎರಡು ಕಣ್ಣಿನ ಮೇಲೂ ಕಾದು ಆರಿದ ಹಾಲಿನ ಮೇಲಿನ ಕೆನೆಯ ಹಾಗೆ ಪೊರೆ ಕಟ್ಟಿತ್ತು. ನಾನು ಎದುರಿಗೆ ನಿಂತಿದ್ದೆ, ಅವರು ನನ್ನ ಪಕ್ಕದ ಗಾಳಿಯನ್ನು ನೋಡುತ್ತಿದ್ದರು. ಸದ್ದಾಗದಂತೆ ಬಗ್ಗಿ ಅವರ ನೀರಿನ ಚೊಂಬನ್ನು ಒಂದು ಮೊಳ ಆಚೆ ಸರಿಸಿದೆ. ಅವರು ಯಾವತ್ತಿನ ಜಾಗಕ್ಕೆ ಕೈ ಹಾಕಿದರು, ಸಿಗಲಿಲ್ಲ, ನೆಲ ಸವರಿದರು.

"ಯಾವಾಗಿಂದ?" ಅಂದೆ.

ಅವರು ಕೈ ಹಿಂದಕ್ಕೆ ತೆಗೆದುಕೊಂಡರು. "ಸೊಪ್ಪು ತಿಂದ್ಯಾ?"

"ನಾನು ಕೇಳಿದ್ದಕ್ಕೆ ಹೇಳಿ."

"ಎರಡು ವರ್ಷ ಆಗಿರಬೇಕು. ಮೊದಲು ಹೊಗೆ ಹಂಗೆ ಇತ್ತು. ಸೊಪ್ಪು ಇನ್ನೊಂದು ಹಿಡಿ ಜಾಸ್ತಿ ತಿಂದೆ. ಕಮ್ಮಿ ಆಗಲಿಲ್ಲ. ವಯಸ್ಸಿನ ಪೊರೆ ಕಣೇ ಇದು, ಸೊಪ್ಪಿನ ಮಾತು ಕೇಳಾಕಿಲ್ಲ."

"ಮತ್ತೆ ಎರಡು ವರ್ಷದಿಂದ ಊರಿಗೆಲ್ಲ ಏನು ನೋಡಿ ಹೇಳಿದ್ರಿ?"

"ನೋಡೋದೇನೈತೆ. ಜನ ಕೇಳೋದ್ರಲ್ಲೇ ಉತ್ತರ ಇರ್ತೈತೆ. ಪಕ್ಕದ ಮನೆಯೋನು ಬೇಲಿ ಜರುಗಿಸವ್ನಾ ಅಂತ ಕೇಳ್ತಾರೆ, ಹೂಂ ಅಂತೀನಿ. ನನ್ನ ಮೊಮ್ಮಗ ನನ್ನಂಗೇ ಅವ್ನಾ ಅಂತ ಕೇಳ್ತಾರೆ, ಹೂಂ ಅಂತೀನಿ. ಎಲ್ರೂ ಸಂತೋಷವಾಗಿ ಹೋಗ್ತಾರೆ. ನಿಜವಾಗಿ ನೋಡಿ ಹೇಳ್ತಿದ್ದಾಗ ಬೈಕೊಂಡು ಹೋಗೋರು." ಚೊಂಬು ಹುಡುಕಿ ಹತ್ತಿರ ಎಳೆದುಕೊಂಡು, "ಅಕ್ಕಿಯಲ್ಲಿ ಕಲ್ಲು ಮಾತ್ರ ಆರಿಸಾಕೆ ಆಗ್ತಿರಲಿಲ್ಲ" ಅಂದರು. ಆಗ ನೆನಪಾಯಿತು, ಎರಡು ವರ್ಷದಿಂದ ಊರಿನವರೆಲ್ಲ ಈಗಿನ ಅಕ್ಕಿ ಚೆನ್ನಾಗಿಲ್ಲ ಅಂತ ಗೊಣಗುತ್ತಿದ್ದರು. ಕಣ್ಣು ಚೆನ್ನಾಗಿಲ್ಲ ಅಂತ ಯಾರಿಗೆ ಹೊಳೆಯಬೇಕು? ಊರಗಣ್ಣಿನ ಕಣ್ಣಿಗೆ ಪೊರೆ ಬಂದದ್ದು ಕಾಣಬೇಕಾದರೆ ಊರಿನಲ್ಲಿ ಇನ್ನೊಬ್ಬರಿಗಾದರೂ ಕಣ್ಣು ಕಾಣಬೇಕಿತ್ತಲ್ಲ. ಹೊರಗಿನಿಂದ ಬರುವ ಡಾಕ್ಟರಮ್ಮನ ಮುಂದೆ ಇವರು ಒಂದು ದಿನವೂ ಹೋಗಿ ನಿಂತವರಲ್ಲ.

ಡಾಕ್ಟರಮ್ಮನಿಗೆ ಹೇಳಿ ಪೊರೆ ತೆಗೆಸಬಹುದು ಅಂದೆ. ಆಪರೇಷನ್ ಮಾಡಿಸಿಕೊಂಡರೆ ಊರಿಗೆಲ್ಲ ಗೊತ್ತಾಗುತ್ತದೆ ಅಂದರು. ಇಪ್ಪತ್ತು ವರ್ಷ ಜನ ಅವರನ್ನು ಕಂಡಾಗ ಎದ್ದು ನಿಲ್ಲುತ್ತಿದ್ದರು. ಕಾಣದೆ ನಿಲ್ಲುತ್ತಿದ್ದರು ಅನ್ನಿ, ಅವರ ಕೆಮ್ಮು ಕೇಳಿ ನಿಲ್ಲುತ್ತಿದ್ದರು. ಆ ಮರ್ಯಾದೆ ಬಿಟ್ಟರೆ ಆ ಮನುಷ್ಯನ ಬಳಿ ಬೇರೆ ಆಸ್ತಿ ಇರಲಿಲ್ಲ. ಒಂದು ಲಾಡಿನ ರುಚಿ ಸಹ ಇರಲಿಲ್ಲ. ನನಗೆ ಅವರ ಮೇಲೆ ಎಷ್ಟು ಸಿಟ್ಟಿತ್ತೋ ಅಷ್ಟೇ ಮರುಕವೂ ಆಯಿತು. ಇದನ್ನು ನಾನೂ ಮುಚ್ಚಿಟ್ಟುಕೊಂಡು ಹೋಗುವುದು ಅಂತ ಗಟ್ಟಿ ಮಾಡಿಕೊಂಡೆ.

ಮಾರನೆಯ ದಿನದಿಂದ ಬೆಳಗಿನ ನಡಿಗೆಗೆ ನಾನೂ ಹೊರಟೆ. ಸಂತೆ ಮೈದಾನ ದಾಟಿ ಕೆರೆ ಏರಿಗೆ ಹೋಗಬೇಕು. ಆ ಮೈದಾನದಲ್ಲಿ ನಮ್ಮ ಪಂಚಾಯ್ತಿ ಅಧ್ಯಕ್ಷ ಮಾದಲಿಂಗಪ್ಪನವರು ಹೊಸ ನೀರಿನ ಟ್ಯಾಂಕು ಕಟ್ಟಿಸಿದ್ದರು. ನಾಲ್ಕು ಎತ್ತರದ ಕಂಬ, ಮೇಲೆ ದೊಡ್ಡ ಗಡಿಗೆಯಂಥ ಟ್ಯಾಂಕು, ಅದರ ನೆರಳಿನಲ್ಲಿ ತರಕಾರಿಯವರ ಸಾಲು, ಆ ಸಾಲಿನ ತಲೆಗೆ ಹೊಂಬಾಳಕ್ಕನ ಜಿಲೇಬಿ ಬಾಣಲೆ. ಅದರ ಉದ್ಘಾಟನೆ ಹತ್ತಿರದಲ್ಲೇ ಇತ್ತು. ಅಲ್ಲಿಯವರೆಗೆ ನನಗೆ ಅದು ಆಕಾಶದಲ್ಲಿ ಒಂದು ನೀಲಿ ಚುಕ್ಕೆ. ಅವತ್ತು ತಲೆಯೆತ್ತಿ ನೋಡಿದೆ. ಹೊಂಬಾಳಕ್ಕನ ಅಂಗಡಿಯ ಪಕ್ಕದ ಕಂಬದಲ್ಲಿ ಆಳೆತ್ತರದ ಮೇಲಿನಿಂದ ಟ್ಯಾಂಕಿನ ತಳದ ತನಕ ಬಿರುಕು ಓಡಿತ್ತು. ಕೈ ತೂರಿಸಬಹುದಾದಷ್ಟು ಅಗಲ. ಅದರೊಳಗೆ ಗುಬ್ಬಿಯೊಂದು ಹುಲ್ಲು ಕಡ್ಡಿ ತಂದು ಸಂಸಾರ ಹೂಡುತ್ತಿತ್ತು.

ಗಂಡನಿಗೆ ಹೇಳಿದೆ. ಅವರು ಅಲ್ಲೇ ನಿಂತುಬಿಟ್ಟರು. "ನಾನು ನೋಡಿ ಭದ್ರವಾಗೈತೆ ಅಂತ ಹೇಳಿಬಿಟ್ಟಿವ್ನಲ್ಲೇ" ಅಂದರು. ಹೋದ ತಿಂಗಳು ಅಧ್ಯಕ್ಷರು ಅವರನ್ನು ಕರೆಸಿ ಕಂಬದ ಮುಂದೆ ನಿಲ್ಲಿಸಿದ್ದರು. ಕೈಗೆ ಎಟುಕುವಷ್ಟು ಎತ್ತರಕ್ಕೆ ನುಣ್ಣಗೆ ಗಾರೆ ಹಚ್ಚಿತ್ತು, ಇವರು ಸವರಿ ನೋಡಿ ಹೂಂ ಅಂದಿದ್ದರು. ಬೇಲಿ, ಮೊಮ್ಮಗನ ಮೂಗು, ಎತ್ತಿನ ಹಲ್ಲು ಇವಕ್ಕೆಲ್ಲ ಹೂಂ ಅಂದರೆ ಯಾರೂ ಸಾಯುವುದಿಲ್ಲ. ಈ ಹೂಂ ಕೆಳಗೆ ಒಂದಿಡೀ ಸಂತೆ ಕೂತಿತ್ತು.

"ನಾನು ಹೋಗಿ ಹೇಳ್ತೀನಿ, ತಪ್ಪು ಹೇಳಿದೆ ಅಂತ" ಅಂದರು. ನಾನು ಕೈ ಹಿಡಿದು ಕರೆದುಕೊಂಡು ಹೋದೆ. ಅಧ್ಯಕ್ಷರು ಕಾಯಿಹೋಳಿಗೆ ತಿನ್ನುತ್ತಾ ಕೂತಿದ್ದರು. ಮಾದಲಿಂಗಪ್ಪನವರು ಕೆಟ್ಟವರೇನಲ್ಲ. ದಿನಕ್ಕೆ ಮೂರು ಹೊತ್ತು ಸಿಹಿ ತಿನ್ನುವ ಮನುಷ್ಯನಿಗೆ ಕೆಟ್ಟದ್ದು ಕಾಣುವುದೇ ಇಲ್ಲ, ತನ್ನದಂತೂ ಮೊದಲೇ ಇಲ್ಲ.

"ಬಿರುಕಾ?" ಅಂದರು. "ಎಲ್ಲೈತೆ? ನಂಗೆ ಕಾಣ್ತಿಲ್ಲ, ನಮ್ಮ ಮೆಂಬರುಗಳಿಗೂ ಕಾಣ್ತಿಲ್ಲ. ಯಾರ್ಗೂ ಕಾಣದ ಬಿರುಕು ಟ್ಯಾಂಕಿಗೆ ಏನು ಮಾಡೀತು ವೀರಯ್ಯನೋರೇ?"

"ನಾನು ಹೇಳಿದ್ದು ತಪ್ಪಾಯ್ತು ಅಧ್ಯಕ್ಷರೇ. ನೀರು ತುಂಬಬ್ಯಾಡಿ."

"ಊರಗಣ್ಣು ಒಂದು ಸಲ ಹೇಳಿದ್ದು ಹೇಳಿದ್ದೇ. ಎರಡನೇ ಸಲ ಹೇಳಿದ್ದು ಲೆಕ್ಕಕ್ಕಿಲ್ಲ, ಇದು ನಿಮ್ಗೇ ಗೊತ್ತಿರೋ ಕಟ್ಟಳೆ. ನೀವೇ ಮಾತು ತಿರುಗಿಸಿದ್ರೆ ನಾಳೆ ಯಾರ ಕಣ್ಣನ್ನ ನಂಬೋದು ಹೇಳಿ? ಬಂದಿದ್ದೀರಿ, ಒಂದು ಹೋಳಿಗೆ ತಗೊಳ್ಳಿ. ಓ, ನೀವು ತಿನ್ನಂಗಿಲ್ಲ ಅಲ್ವಾ, ಪಾಪ." ಹೋಳಿಗೆಯನ್ನು ನನ್ನ ಕೈಗೆ ಕೊಟ್ಟರು. ದಾರಿಯಲ್ಲಿ ಅದನ್ನು ನಾಯಿಗೆ ಹಾಕಿದೆ.

ಹೊಂಬಾಳಕ್ಕನಿಗಾದರೂ ಹೇಳೋಣ ಅಂತ ಹೋದೆ. ಅವಳು ನನ್ನ ಬಾಲ್ಯದ ಗೆಳತಿ. ನಾನು ಅಂಗಡಿ ಬೇರೆ ಕಡೆ ಹಾಕು ಅಂದದ್ದಕ್ಕೆ ಬಾಣಲೆ ಅಲುಗುವ ಹಾಗೆ ನಕ್ಕಳು. "ಜಿಲೇಬಿ ಕಟ್ಟಿಸ್ಕೊಳ್ಳೋದು ಬಿಟ್ಟಿದ್ದೀಯಲ್ಲ, ಅದಕ್ಕೇ ಹಿಂಗೆ ಏನೇನೋ ಕಾಣ್ತೈತೆ ನಿಂಗೆ. ತಗಾ, ಬಿಸಿ ಐತೆ. ಎರಡು ತಿಂದ್ರೆ ಬಿರುಕು ಮುಚ್ಕೊಂಡು ಹೋಗ್ತೈತೆ." ಅವಳ ತಲೆಯ ನೇರಕ್ಕೆ ಮೇಲೆ ಗುಬ್ಬಿ ಕಡ್ಡಿ ತರುತ್ತಲೇ ಇತ್ತು. ಇವಳು ಸತ್ತರೆ ನಗುತ್ತಲೇ ಸಾಯುತ್ತಾಳೆ ಅನಿಸಿತು.

ಮನೆಗೆ ಬಂದು ಹೇಳಿದೆ, "ನಾವು ಹೇಳಿದ್ರೆ ನಂಬಲ್ಲ. ಅವರೇ ನೋಡಬೇಕು."

"ಅವರು ಹೆಂಗೆ ನೋಡ್ತಾರೆ?"

"ತಿಂದು ನೋಡ್ತಾರೆ."

ಉದ್ಘಾಟನೆಯ ದಿನ ಮಧ್ಯಾಹ್ನ ಊರಿಗೆಲ್ಲ ಛತ್ರದಲ್ಲಿ ಊಟ, ಸಂಜೆ ರಿಬ್ಬನ್ ಕತ್ತರಿಸುವುದು ಅಂತ ಗೊತ್ತಾಗಿತ್ತು. ನಮ್ಮಲ್ಲಿ ಯಾವ ಸಮಾರಂಭವೂ ಹಾಗೆಯೇ. ಏನನ್ನಾದರೂ ತೋರಿಸುವ ಮೊದಲು ಸಿಹಿ ಊಟ ಹಾಕಬೇಕು, ತೋರಿಸುವವರಿಗೂ ಕ್ಷೇಮ, ನೋಡುವವರಿಗೂ ಕ್ಷೇಮ. ಕಲ್ಲು ಆರಿಸುವ ನೆಪದಲ್ಲಿ ಊರೂಟದ ಒಲೆಯ ಮೇಲುಸ್ತುವಾರಿ ಊರಗಣ್ಣಿನ ಮನೆಯ ಹಕ್ಕು. ಗಂಡ ಎಲ್ಲ ಕೇಳಿಸಿಕೊಂಡು ಬೆರಳಿನಿಂದ ಕಣ್ಣುರೆಪ್ಪೆ ಸವರಿಕೊಂಡರು. ಆಮೇಲೆ, "ಬಿರುಕು ಕಂಡ ಕಣ್ಣಿಗೆ ನನ್ನ ಪೊರೇನೂ ಕಾಣ್ತೈತೆ" ಅಂದರು. ನನಗೆ ಅದು ಹೊಳೆದಿರಲಿಲ್ಲ ಅಂತಲ್ಲ. ನಾನು ಬೇಡ ಬಿಡಿ ಅನ್ನುವುದಕ್ಕೆ ಬಾಯಿ ತೆರೆಯುವಷ್ಟರಲ್ಲಿ ಅವರೇ, "ಸೊಪ್ಪಿಗೆ ಈ ಸಲವಾದ್ರೂ ಉಪ್ಪು ಸರಿಯಾಗಿ ಹಾಕು" ಅಂತ ಎದ್ದು ಒಳಗೆ ಹೋದರು.

ಉದ್ಘಾಟನೆಯ ಬೆಳಿಗ್ಗೆ ಛತ್ರದ ಹಿಂದಿನ ಕೊಟ್ಟಿಗೆಯಲ್ಲಿ ಅವರು ಹೊನಗೊನ್ನೆ ಬಿಡಿಸಿ ಕೊಟ್ಟರು, ನಾನು ಸಣ್ಣಗೆ ಹೆಚ್ಚಿ ಕಡಲೆಬೇಳೆಯ ಜೊತೆ ರುಬ್ಬಿ ಆಂಬೊಡೆ ತಟ್ಟಿ ಹೆಂಚಿನ ಮೇಲೆ ಬೇಯಿಸಿದೆ. ನುಗ್ಗೆ ಸೊಪ್ಪು ಬೇಳೆಯಲ್ಲಿ ಕರಗಿ ಸಾರಾಯಿತು. ಹೋಳಿಗೆ ಇಲ್ಲದಿದ್ದರೆ ಜನ ಎಲೆ ಬಿಟ್ಟು ಏಳುತ್ತಾರೆ, ಅದಕ್ಕೆ ಕ್ಯಾರೆಟ್ಟು ತುರಿದು ಖರ್ಜೂರದ ಜೊತೆ ಅರೆದು ಹೂರಣ ಕಟ್ಟಿದೆ, ಬೆಲ್ಲ ಸಕ್ಕರೆ ಮುಟ್ಟಲಿಲ್ಲ. ಏಲಕ್ಕಿ ಮಾತ್ರ ಧಾರಾಳವಾಗಿ ಹಾಕಿದೆ, ನಮ್ಮ ಜನಕ್ಕೆ ಏಲಕ್ಕಿಯ ವಾಸನೆ ಬಂದರೆ ಸಿಹಿ ಇದೆ ಅಂತಲೇ ಅರ್ಥ. ಊರೆಲ್ಲ ಬಾಯಿ ಚಪ್ಪರಿಸಿ ಉಂಡಿತು. ಅಧ್ಯಕ್ಷರು ಹೋಳಿಗೆಯನ್ನು ಮೂರು ಸಲ ಹಾಕಿಸಿಕೊಂಡು, "ಮಲ್ಲಾಜಮ್ಮಾ, ಇದು ಅಡುಗೆ ಅಂದ್ರೆ" ಅಂದರು. ಹೊಂಬಾಳಕ್ಕ ನಾಲ್ಕು ಆಂಬೊಡೆ ಸೆರಗಿಗೆ ಕಟ್ಟಿಕೊಂಡಳು. ಎಲೆ ಅಡಿಕೆ ಹಾಕಿಕೊಂಡು ಎಲ್ಲರೂ ಹೋಗಿ ಮಲಗಿದರು.

ಸಂಜೆಗೆ ಮೊದಲು ಕೂಗಿದ್ದು ದರ್ಜಿಯ ಹೆಂಡತಿ, ತನ್ನ ಪಕ್ಕದಲ್ಲಿ ಯಾರೋ ಬೋಳು ತಲೆಯವನು ಮಲಗಿದ್ದಾನೆ ಅಂತ. ಅವಳ ಗಂಡನೇ ಅವನು. ಆಮೇಲೆ ಒಂದೊಂದೇ ಮನೆಯಿಂದ ಚೀತ್ಕಾರ ಎದ್ದಿತು. ಗೋಡೆಯ ಮೇಲಿನ ಅಜ್ಜನಿಗೆ ತಲೆಯಿಲ್ಲದ್ದು ಕಂಡು ಮೊಮ್ಮಕ್ಕಳು ಅತ್ತವು. ಮೇಷ್ಟ್ರು ತಾವು ನೂರಕ್ಕೆ ನೂರು ಕೊಟ್ಟ ಪೇಪರಿನಲ್ಲಿ ಬರೀ ಆನೆಯ ಚಿತ್ರ ಇರುವುದನ್ನು ಕಂಡು ತಲೆ ಮೇಲೆ ಕೈಹೊತ್ತು ಕೂತರು. ಗಂಡಸರೆಲ್ಲ ಪರಸ್ಪರರ ಕಿವಿ ನೋಡಿಕೊಂಡು ಕ್ಷೌರದಂಗಡಿಯ ಕಡೆ ಓಡಿದರು, ಕ್ಷೌರಿಕ ಆಗಲೇ ಬಾಗಿಲು ಹಾಕಿಕೊಂಡಿದ್ದ. ಬೀದಿಗೆ ಬಂದವರು ಕಾಲಿಡಲು ಜಾಗವಿಲ್ಲದೆ ನಿಂತಲ್ಲೇ ನಿಂತರು. ಇಷ್ಟು ವರ್ಷ ತಾವು ತುಳಿದುಕೊಂಡು ಓಡಾಡಿದ್ದು ಏನನ್ನು ಅಂತ ಅವರಿಗೆ ಆಗ ತಿಳಿದಿತ್ತು.

ಮೈದಾನದಲ್ಲಿ ಬೆಳಗಿನಿಂದ ಪಂಪು ಓಡುತ್ತಿತ್ತು, ಟ್ಯಾಂಕು ಅರ್ಧಕ್ಕೆ ತುಂಬಿತ್ತು. ಬಿರುಕಿನಿಂದ ನೀರು ಸಣ್ಣಗೆ ಜಿನುಗಿ ಕಂಬದ ಮೇಲೆ ಹರಿಯುತ್ತಿತ್ತು. ಹೊಂಬಾಳಕ್ಕ ಬಂದು ತಲೆಯೆತ್ತಿ ನೋಡಿದಳು. ಆಮೇಲೆ ಒಂದು ಕೂಗು ಹಾಕಿದಳು ನೋಡಿ, ತರಕಾರಿಯವರೆಲ್ಲ ಬುಟ್ಟಿ ಬಿಟ್ಟು ಓಡಿದರು. ಅವಳು ಮಾತ್ರ ಎಣ್ಣೆ ತುಂಬಿದ ಬಾಣಲೆಯನ್ನು ಎರಡೂ ಕಿವಿ ಹಿಡಿದು ಎಳೆದುಕೊಂಡೇ ಹೊರಗೆ ಬಂದಳು. ಜನ ಸುತ್ತ ನಿಂತು ಬಿರುಕು ನೋಡಿದರು. ಮಾದಲಿಂಗಪ್ಪನವರೂ ನೋಡಿದರು, ನೋಡಿ ಪಂಪು ನಿಲ್ಲಿಸಲು ಕೈಸನ್ನೆ ಮಾಡಿದರು. ನಮ್ಮೂರಿನಲ್ಲಿ ಕೈಸನ್ನೆ ಮಾಡಿ ಅದು ಇನ್ನೊಬ್ಬರಿಗೆ ಕಂಡದ್ದು ಅದೇ ಮೊದಲು.

ಊರು ಈಗ ಅಧ್ಯಕ್ಷರ ಕತ್ತಿನ ಪಟ್ಟಿ ಹಿಡಿಯುತ್ತದೆ ಅಂತ ನಾನು ಕಾದು ನಿಂತಿದ್ದೆ. ಎಷ್ಟು ಹುಚ್ಚಿ ನಾನು. ಯಾರೋ "ಇದನ್ನ ಭದ್ರ ಅಂತ ಹೇಳಿದ್ದು ಯಾರು?" ಅಂದರು. ಎಲ್ಲರೂ ನನ್ನ ಗಂಡನ ಕಡೆ ತಿರುಗಿದರು. ಅವರು ಹೆಗಲ ಮೇಲಿನ ವಲ್ಲಿ ಸರಿಮಾಡಿಕೊಂಡು, ಮುಖವನ್ನು ಎಲ್ಲರಿಗೂ ಕಾಣುವಂತೆ ಎತ್ತಿ ನಿಂತುಕೊಂಡರು. "ನೋಡ್ಕೊಳ್ಳಿ" ಅಂದರು ಅಷ್ಟೇ. ಜನ ಹತ್ತಿರ ಬಂದು ಅವರ ಕಣ್ಣಿನ ಪೊರೆಯನ್ನು ಬಗ್ಗಿ ನೋಡಿದರು. ಆಮೇಲೆ ಕೆಸರು ಎರಚಿದಂತೆ ಮಾತು ಬಿತ್ತು. ಕುರುಡ, ಮೋಸಗಾರ, ನಮ್ಮ ಸೊಪ್ಪು ತಿಂದವನು. "ನನ್ನ ಪಾಲಿನ ಸುತ್ತು ಹಾಕಿದ್ನೋ ಇಲ್ವೋ, ಯಾರಿಗ್ಗೊತ್ತು" ಅಂದ ಒಬ್ಬ. ಹೊಂಬಾಳಕ್ಕ ಅಧ್ಯಕ್ಷರನ್ನು ಬಿಟ್ಟು, ನನ್ನ ಗಂಡನನ್ನೂ ಬಿಟ್ಟು, ನನ್ನ ಮೇಲೆ ಬಂದಳು. "ನನ್ನ ಎಣ್ಣೆ ಟಾರಿನಂಗೆ ಕಪ್ಪಗೈತಲ್ಲೇ! ಇದನ್ನ ನಂಗೆ ಯಾಕೆ ತೋರಿಸಿದೆ? ನಿನ್ನ ಬಾಯಿಗೆ ಮಣ್ಣು ಹಾಕ!" ಅಂತ ಅತ್ತಳು. ಬದುಕಿದ್ದೀಯಲ್ಲೇ ಅನ್ನೋಣ ಅನಿಸಿತು.

ಕತ್ತಲಾಗುವುದರೊಳಗೆ ಎಲ್ಲರೂ ಬಾಣಲೆಯ ಮುಂದೆ ಸಾಲು ನಿಂತಿದ್ದರು. ಎಣ್ಣೆ ಕಪ್ಪಗಿದ್ದದ್ದು ಎಲ್ಲರಿಗೂ ಕಂಡಿತ್ತು, ಆದರೂ ತಿಂದರು, ಕಣ್ಣು ಮುಚ್ಚಿಕೊಂಡು ತಿಂದರು. ಮಲಗುವ ಹೊತ್ತಿಗೆ ಗೋಡೆಗಳು ಬೆಳ್ಳಗಾದವು, ದರ್ಜಿಗೆ ಕೂದಲು ಬಂತು, ಅಜ್ಜಂದಿರ ತಲೆಗಳು ಮಂಜಿನಲ್ಲಿ ಎಲ್ಲೋ ಇದ್ದೇ ಇವೆ ಅನ್ನಿಸತೊಡಗಿತು. ಟ್ಯಾಂಕಿನ ನೀರು ಖಾಲಿ ಮಾಡಬೇಕು ಅಂತ ಮಾರನೆಯ ದಿನ ಮೆಂಬರುಗಳು ಹೋದರಂತೆ, ನಲ್ಲಿ ಎಲ್ಲಿದೆ ಅಂತ ಕಾಣಲಿಲ್ಲವಂತೆ, ವಾಪಸು ಬಂದರಂತೆ. ಹೊಂಬಾಳಕ್ಕ ಮಾತ್ರ ಕಂಡದ್ದನ್ನು ಮರೆಯಲಾರದೆ ಬಾಣಲೆಯನ್ನು ಊರಬಾಗಿಲಿಗೆ ಸಾಗಿಸಿದಳು. ಜಿಲೇಬಿ ಹೋದ ಕಡೆ ಸಂತೆಯೂ ಹೋಯಿತು. ಅದೇ ವಾರ ಒಂದು ಬೆಳಿಗ್ಗೆ ಟ್ಯಾಂಕು ಕುಸಿದು ಬಿತ್ತು. ಕೆಳಗೆ ಒಂದು ನರಪಿಳ್ಳೆಯೂ ಇರಲಿಲ್ಲ. ಗುಬ್ಬಿಯ ಗೂಡು ಮಾತ್ರ ಹೋಯಿತು.

ಬಿದ್ದದ್ದಕ್ಕೆ ಕಾರಣ ಊರು ಅವತ್ತೇ ಕಂಡುಹಿಡಿಯಿತು. ದೃಷ್ಟಿಯಾಯಿತಂತೆ. ಅಷ್ಟೊಂದು ಜನ ಒಟ್ಟಿಗೆ ಅಷ್ಟು ಚೆನ್ನಾಗಿ ಕಾಣುವ ಕಣ್ಣಿನಿಂದ ನೋಡಿದರೆ ಯಾವ ಟ್ಯಾಂಕು ನಿಂತೀತು ಅಂತ ಮಾದಲಿಂಗಪ್ಪನವರು ಸಭೆಯಲ್ಲಿ ಕೇಳಿದಾಗ ಊರೆಲ್ಲ ಹೌದೌದು ಅಂದಿತು. ಮುರಿದ ಕಂಬಕ್ಕೆ ಬೂದುಗುಂಬಳ ಕಟ್ಟಿದರು. ಹೊಸ ಟ್ಯಾಂಕು ಕಟ್ಟಿಸುವ ಜವಾಬ್ದಾರಿಯನ್ನು ಮಾದಲಿಂಗಪ್ಪನವರಿಗೇ ವಹಿಸಿದರು, ಅನುಭವ ಇದೆಯಲ್ಲ ಅಂತ. ನನ್ನ ಗಂಡನನ್ನು ಹುದ್ದೆಯಿಂದ ತೆಗೆದರು. ನನಗೆ ಏನು ಶಿಕ್ಷೆ ಅನ್ನುವುದು ಉಳಿಯಿತು. ಬಹಿಷ್ಕಾರ ಹಾಕಿ ಅಂದರು ಕೆಲವರು. ಅಧ್ಯಕ್ಷರು ಸ್ವಲ್ಪ ಯೋಚಿಸಿ, "ಅಷ್ಟು ಸುಲಭವಾಗಿ ಬಿಡಬಾರದು" ಅಂದರು. "ನೋಡೋ ಚಟ ಹತ್ತೈತಲ್ಲ, ಇನ್ನು ಮ್ಯಾಲೆ ಇವಳೇ ನೋಡ್ಕೊಂಡು ಸಾಯಲಿ." ಊರೆಲ್ಲ ಚಪ್ಪಾಳೆ ತಟ್ಟಿತು. ಹೀಗೆ ನಾನು ಊರಗಣ್ಣಾದೆ. ಮಾರನೆಯ ಬೆಳಿಗ್ಗೆಯೇ ದರ್ಜಿಯ ಹೆಂಡತಿ ಬಾಗಿಲಿಗೆ ಬಂದು ಕೆಮ್ಮಿ, ಹೆಸರು ಹೇಳಿ, ನಕ್ಕು, "ಮಲ್ಲಾಜಮ್ಮಾ, ನನ್ನೆಸರಲ್ಲೂ ಏರಿ ಮ್ಯಾಲೆ ಒಂದು ಸುತ್ತು" ಅಂದಳು.

ಪೊರೆ ತೆಗೆಸೋಣ, ಈಗ ಮುಚ್ಚಿಡುವುದು ಏನೂ ಇಲ್ಲವಲ್ಲ ಅಂತ ಗಂಡನಿಗೆ ಹೇಳಿದೆ. "ಇಪ್ಪತ್ತು ವರ್ಷ ಈ ಊರು ನೋಡಿದ್ದು ಸಾಲದಾ?" ಅಂದರು. ಒತ್ತಾಯ ಮಾಡಲಿಲ್ಲ. ಹೊಂಬಾಳಕ್ಕನಿಗೆ ನನ್ನ ಮೇಲೆ ಇನ್ನೂ ಸಿಟ್ಟಿದ್ದರೂ ಒಂದು ಪೊಟ್ಟಣ ಜಿಲೇಬಿ ಕಳಿಸಿದ್ದಳು. ಮಧ್ಯಾಹ್ನ ಜಗುಲಿಯ ಮೇಲೆ ಅವರ ಎಲೆಗೆ ಅದನ್ನು ಬಡಿಸಿದೆ. ಪಕ್ಕದಲ್ಲಿ ನನ್ನ ಎಲೆಗೆ ಹೊನಗೊನ್ನೆ. ಅವರು ಜಿಲೇಬಿಯನ್ನು ಮುಟ್ಟಿ ನೋಡಿದರು, ಮೂಸಿದರು, ಅದರ ಸುರುಳಿಯನ್ನು ಬೆರಳಿನಿಂದ ಸುತ್ತಿ ಬಂದರು, ಆಮೇಲೆ ಬಾಯಿಗಿಟ್ಟುಕೊಂಡರು. ಪಾಕ ಗಲ್ಲದ ಮೇಲೆ ಇಳಿಯಿತು. ಕೆನ್ನೆ ಗುಳಿ ಬಿದ್ದಿತ್ತು, ಗಡ್ಡ ಅಲ್ಲಲ್ಲಿ ಉಳಿದುಕೊಂಡಿತ್ತು, ಕಿವಿಯ ಮೇಲೊಂದು ಹಳೆಯ ಗಾಯ, ಬೆಳ್ಳಗಿನ ಎರಡು ಕಣ್ಣು. ನನ್ನನ್ನು ಮದುವೆಯಾದ ಹುಡುಗ ಎಲ್ಲೂ ಇರಲಿಲ್ಲ.

ಅವರು ಜಗಿಯುವುದು ನಿಲ್ಲಿಸಿ, ನಾನಿದ್ದ ಕಡೆಗೆ ಅಂದಾಜಿನ ಮೇಲೆ ಮುಖ ತಿರುಗಿಸಿದರು. "ಮಲ್ಲಾಜಿ, ನಾನು ಹೆಂಗಿವ್ನಿ?"

ಊರಗಣ್ಣು ಕಂಡದ್ದನ್ನೇ ಹೇಳಬೇಕು, ಒಂದೇ ಸಲ ಹೇಳಬೇಕು. "ಮದುವೆ ದಿನ ಹೆಂಗಿದ್ರೋ ಹಂಗೇ ಇದ್ದೀರ" ಅಂದೆ.

"ಎಲಾ ಇವಳ, ಇಷ್ಟು ಬೇಗ ಕಲಿತುಬಿಟ್ಟೆಯಲ್ಲೇ" ಅಂತ ಅವರು ನಕ್ಕು, ಇನ್ನೊಂದು ಜಿಲೇಬಿಗೆ ಕೈ ಚಾಚಿದರು. ನಾನು ಪೊಟ್ಟಣವನ್ನು ಅವರ ಕೈಗೆ ಸಿಗುವ ಹಾಗೆ ಇತ್ತ ಸರಿಸಿದೆ.